ಮುದ್ದೆ, ಅನ್ನ ಮತ್ತು ಎರಡು ಹನಿ ರಕ್ತ: ಮಧುಮೇಹದ ದಿನಚರಿಗೊಂದು ಕೈಪಿಡಿ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನವೇ ಮನೆಯಲ್ಲಿ ‘ಬೇಡ’ಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಅನ್ನ ಬೇಡ, ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ, ಸಕ್ಕರೆಯ ಬದಲು ಬೆಲ್ಲವಾದರೆ ಪರವಾಗಿಲ್ಲ, ಮುದ್ದೆಯಾದರೆ ಎಷ್ಟಾದರೂ ಉಣ್ಣಬಹುದು ಎಂದು ನೆಂಟರೂ ನೆರೆಯವರೂ ತಲೆಗೊಂದು ಮಾತು ಸೇರಿಸುತ್ತಾರೆ. ಈ ಪಟ್ಟಿಯಲ್ಲಿ ಅರ್ಧದಷ್ಟು ತಪ್ಪು. ಉಳಿದರ್ಧವನ್ನು ಹೆಚ್ಚಿನವರು ಮೂರು ತಿಂಗಳಿಗಿಂತ ಹೆಚ್ಚು ಕಾಲ ಪಾಲಿಸಲಾರರು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರ ಹೊಟ್ಟೆಗೆ ಒಂದೇ ಪಟ್ಟಿ ಹೊಂದುವುದಿಲ್ಲ. ತನ್ನ ಊಟಕ್ಕೆ ತನ್ನ ರಕ್ತ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಾವೇ ಅಳೆದು ತಿಳಿಯಬೇಕು. ನಿಷೇಧಗಳ ಮಾತು ಆಮೇಲಿನದು. ಈ ಬರಹ ಮುಖ್ಯವಾಗಿ ಟೈಪ್ 2 ಮಧುಮೇಹವಿರುವ ವಯಸ್ಕರಿಗಾಗಿ ಇದೆ. ಮಾತ್ರೆ ಮತ್ತು ಇನ್ಸುಲಿನ್‌ನ ಪ್ರಮಾಣವನ್ನು ಬದಲಿಸುವ ಅಧಿಕಾರ ವೈದ್ಯರದ್ದೇ ಎಂಬುದನ್ನು ಇಲ್ಲಿಯೇ ಹೇಳಿ ಮುಂದುವರಿಯುತ್ತೇನೆ.

ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ

ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಕೊಂಡವರಲ್ಲಿ ಬಹಳಷ್ಟು ಮಂದಿ ಬೆಳಿಗ್ಗೆ ಎದ್ದೊಡನೆ ಒಮ್ಮೆ ನೋಡಿ, ಸಂಖ್ಯೆ ಕಡಿಮೆಯಿದ್ದರೆ ಸಮಾಧಾನಪಟ್ಟು, ಹೆಚ್ಚಿದ್ದರೆ ಬೇಸರಪಟ್ಟು ಯಂತ್ರವನ್ನು ಒಳಗಿಡುತ್ತಾರೆ. ಅದರಿಂದ ಊಟದ ಬಗ್ಗೆ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಒಂದೇ ಊಟಕ್ಕೆ ಜೋಡಿ ಪರೀಕ್ಷೆ ಮಾಡಬೇಕು: ತಟ್ಟೆಯ ಮುಂದೆ ಕೂರುವ ಮೊದಲು ಒಂದು ಹನಿ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಯ ನಂತರ ಇನ್ನೊಂದು ಹನಿ. ಏರಿಕೆ ಐವತ್ತರೊಳಗೆ (ಇಲ್ಲಿನ ಅಂಕಿಗಳೆಲ್ಲ ಯಂತ್ರ ತೋರಿಸುವ ಮಿ.ಗ್ರಾಂ/ಡೆಸಿಲೀಟರ್ ಲೆಕ್ಕದವು) ಇದ್ದು, ಎರಡನೆಯ ಸಂಖ್ಯೆ 180ನ್ನು ದಾಟದಿದ್ದರೆ ಆ ಊಟ ಆ ಅಳತೆಯಲ್ಲಿ ನಿಮಗೆ ಒಗ್ಗಿತೆಂದು ತಿಳಿಯಬಹುದು. ನೂರರಷ್ಟು ಏರಿದರೆ ಅದೇ ಊಟವನ್ನು ಇನ್ನೊಂದು ದಿನ ಅನ್ನ ಅರ್ಧ ಮಾಡಿ, ಪಲ್ಯ ಎರಡು ಪಟ್ಟು ಮಾಡಿ ಮತ್ತೆ ಅಳೆಯಬೇಕು. ರಕ್ತದ ಹನಿ ತಾಗಿಸುವ ಸ್ಟ್ರಿಪ್‌ಗಳು ಅಗ್ಗವಲ್ಲವಾದ್ದರಿಂದ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವ ಬದಲು ಈ ವಾರ ಬೆಳಗಿನ ತಿಂಡಿ, ಮುಂದಿನ ವಾರ ಮಧ್ಯಾಹ್ನದ ಊಟ, ಅದರ ಮುಂದಿನ ವಾರ ರಾತ್ರಿಯದು ಎಂದು ಹಂಚಿಕೊಂಡರೆ ಎರಡು ತಿಂಗಳಲ್ಲಿ ನಿಮ್ಮ ಮನೆಯ ಅಡುಗೆಯ ಪೂರ್ತಿ ಜಾತಕ ಕೈಗೆ ಬರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಎಷ್ಟು ಸಲ ಅಳೆಯಬೇಕೆಂಬುದು ಬೇರೆಯೇ ಲೆಕ್ಕ. ಅದನ್ನು ವೈದ್ಯರೇ ಹೇಳಬೇಕು.

ಚುಚ್ಚುವ ಮೊದಲು ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಮಾವಿನಹಣ್ಣು ಹೆಚ್ಚಿದ ಬೆರಳಿನಿಂದ ತೆಗೆದ ಹನಿ, ಒಂದು ಹೋಳನ್ನೂ ತಿನ್ನದವರಲ್ಲಿ ಕೂಡ 250 ತೋರಿಸಬಲ್ಲದು. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ಒಡನೆಯೇ ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಅವು ಕೆಡುತ್ತವೆ. ಇನ್ನೊಂದು ಮಾತು: ಒಳ್ಳೆಯ ಯಂತ್ರದಲ್ಲೂ ಶೇಕಡ 15ರವರೆಗಿನ ವ್ಯತ್ಯಾಸವನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಆದ್ದರಿಂದ ನಿನ್ನೆ 140, ಇಂದು 152 ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಯೋಗಾಲಯದಲ್ಲಿ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಹೆಚ್ಚಿನ ವಯಸ್ಕರಿಗೆ ಅದು ಶೇಕಡ 7ರೊಳಗೆ ಇರಬೇಕೆಂಬ ಗುರಿಯಿದ್ದರೂ, ತೀರ ವಯಸ್ಸಾದವರಿಗೆ ಮತ್ತು ಪದೇ ಪದೇ ಸಕ್ಕರೆ ಇಳಿಯುವವರಿಗೆ ವೈದ್ಯರು ಅದನ್ನು ಸಡಿಲಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ತುಂಬ ಸಾಮಾನ್ಯವಾಗಿರುವ ಕಬ್ಬಿಣಾಂಶದ ಕೊರತೆ ಈ ಅಂಕಿಯನ್ನು ಇಲ್ಲದ ಎತ್ತರಕ್ಕೆ ಏರಿಸಬಲ್ಲದು; ಮನೆಯ ಅಳತೆಗೂ ಈ ವರದಿಗೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಬೇಕು. ಪರೀಕ್ಷೆಯ ದಿನ ಮಾತ್ರ ಎರಡು ಇಡ್ಲಿ ತಿಂದು, ಸಕ್ಕರೆಯಿಲ್ಲದ ಕಾಫಿ ಕುಡಿದು ವರದಿಯನ್ನು ಮೆಚ್ಚಿಸುವ ಅಭ್ಯಾಸ ನಮ್ಮಲ್ಲಿದೆ. ಊಟದ ನಂತರದ ಪರೀಕ್ಷೆಗೆ ದಿನನಿತ್ಯದ ತಿಂಡಿಯನ್ನೇ ತಿಂದು, ದಿನನಿತ್ಯದ ಮಾತ್ರೆಯನ್ನೇ ನುಂಗಿ ಹೋಗಬೇಕು. ಇಲ್ಲವಾದರೆ ಆ ವರದಿ ಯಾರ ಆರೋಗ್ಯವನ್ನೂ ಹೇಳುವುದಿಲ್ಲ.

ಮುದ್ದೆಯ ಲೆಕ್ಕ, ಎಲೆಯ ಕ್ರಮ

ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಸಂದೇಹವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇರುವುದಿಲ್ಲ. ಸುಣ್ಣದ ಅಂಶದಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ರಕ್ತಕ್ಕೆ ಗ್ಲೂಕೋಸಾಗಿ ಸೇರುವ ಪಿಷ್ಟವನ್ನು ನೋಡಿದರೆ ರಾಗಿಯಲ್ಲಿ ನೂರಕ್ಕೆ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78 ಗ್ರಾಂ. ಅಂತರ ಇಷ್ಟೇ. ನೂರು ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆ, ಪಿಷ್ಟದ ಲೆಕ್ಕದಲ್ಲಿ, ಕಾಲು ಕೆಜಿಗೆ ಹತ್ತಿರವಾದಷ್ಟು ಬೆಂದ ಅನ್ನಕ್ಕೆ ಸಮ. ಹೊಲದಲ್ಲಿ ದಿನವಿಡೀ ದುಡಿದವರಿಗೆ ಅಂಥ ಎರಡು ಮುದ್ದೆ ಕರಗಿಹೋಗುತ್ತಿದ್ದವು. ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರಿಗೆ ಅದರ ಅರ್ಧವೇ ಹೆಚ್ಚು. ಮುದ್ದೆ ತಿನ್ನಲಿ, ಚಿಕ್ಕದನ್ನು ತಿನ್ನಲಿ, ಬಟ್ಟಲು ತುಂಬ ಬಸ್ಸಾರು ಅಥವಾ ಹುರುಳಿ ಸಾರಿನ ಜೊತೆ ತಿನ್ನಲಿ. ನುಣ್ಣಗೆ ಬೀಸಿದ ಹಿಟ್ಟಿನ ರಾಗಿ ಗಂಜಿ, ರಾಗಿ ಮಾಲ್ಟ್ ಮಾತ್ರ ಬೇರೆ ಮಾತು. ಅಗಿಯುವ ಕೆಲಸವೂ ಇಲ್ಲದೆ ಗಂಟಲಿಗಿಳಿಯುವ ಅವು ಸಕ್ಕರೆಯನ್ನು ಬಹಳ ಬೇಗ ಏರಿಸುತ್ತವೆ. ಕಾಯಿಲೆಗೆಂದೇ ಬೆಳಿಗ್ಗೆ ದೊಡ್ಡ ಲೋಟದಲ್ಲಿ ರಾಗಿ ಗಂಜಿ ಕುಡಿಯುವವರು ಒಂದು ದಿನ ಜೋಡಿ ಪರೀಕ್ಷೆ ಮಾಡಿ ನೋಡಿದರೆ ಉಳಿದ ವಾದವನ್ನು ಯಂತ್ರವೇ ಮುಗಿಸುತ್ತದೆ. ನವಣೆ, ಸಾಮೆ, ಜೋಳ, ಗೋಧಿ ಎಲ್ಲಕ್ಕೂ ಇದೇ ನ್ಯಾಯ: ಧಾನ್ಯ ಯಾವುದು ಎನ್ನುವುದಕ್ಕಿಂತ ಎಷ್ಟು ಎನ್ನುವುದು ಮುಖ್ಯ.

ಬೆಲ್ಲ ಮತ್ತು ಜೇನುತುಪ್ಪದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಮಧುಮೇಹದ ಮಟ್ಟಿಗೆ ಅವು ಬಣ್ಣ ಬದಲಾಯಿಸಿದ ಸಕ್ಕರೆ, ಅಷ್ಟೇ. ಒಂದು ಲೋಟ ಕಾಫಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿಯುವವರ ಹೊಟ್ಟೆಗೆ ಮೂವತ್ತು ಗ್ರಾಂಗಿಂತ ಹೆಚ್ಚು ಸಕ್ಕರೆ ಗೊತ್ತೇ ಆಗದಂತೆ ಹೋಗುತ್ತದೆ. ಚಮಚವನ್ನು ವಾರಕ್ಕೆ ಅರ್ಧದಂತೆ ಇಳಿಸುತ್ತ ಬಂದರೆ ಒಂದೂವರೆ ತಿಂಗಳೊಳಗೆ ನಾಲಿಗೆ ಒಪ್ಪಿಕೊಳ್ಳುತ್ತದೆ. ಒಂದೇ ದಿನ ಬಿಟ್ಟವರು ಎರಡನೆಯ ವಾರ ಬೇಕರಿಯ ಮುಂದೆ ನಿಂತಿರುತ್ತಾರೆ.

ತಟ್ಟೆಯನ್ನು ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ಉಪಾಯ. ಅರ್ಧಕ್ಕೆ ತರಕಾರಿ ಮತ್ತು ಸೊಪ್ಪು, ಕಾಲಿಗೆ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ, ಉಳಿದ ಕಾಲಿಗೆ ಅನ್ನ, ಮುದ್ದೆ ಅಥವಾ ರೊಟ್ಟಿ. ಆಲೂಗಡ್ಡೆ ಪಲ್ಯವನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು. ನಮ್ಮ ಸಸ್ಯಾಹಾರಿ ಊಟದಲ್ಲಿ ನಿಜವಾಗಿ ಕೊರತೆಯಾಗುವುದು ಎರಡನೆಯ ಭಾಗ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆಯಿಂದ ಅದು ತುಂಬುವುದಿಲ್ಲ. ಹುರುಳಿ, ಹೆಸರುಕಾಳುಗಳಲ್ಲಿ ನೂರು ಗ್ರಾಂಗೆ ಇಪ್ಪತ್ತೆರಡು ಗ್ರಾಂ ಆಸುಪಾಸಿನಲ್ಲಿ ಪ್ರೋಟೀನ್ ಇದೆ. ಹಬ್ಬಕ್ಕಷ್ಟೇ ನೆನಪಾಗುವ ಉಸಲಿಯನ್ನು ಸಂಜೆಯ ಬಿಸ್ಕತ್ತಿನ ಜಾಗಕ್ಕೆ ತಂದರೆ ಹೊಟ್ಟೆಯೂ ತುಂಬುತ್ತದೆ, ರಾತ್ರಿಯ ಅನ್ನವೂ ತಾನಾಗಿ ಕಡಿಮೆಯಾಗುತ್ತದೆ.

ತಿನ್ನುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಅದೇ ಊಟದಲ್ಲಿ ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗಿಟ್ಟರೆ ಸಕ್ಕರೆಯ ಏರಿಕೆ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಮದುವೆಮನೆಯ ಬಾಳೆಲೆಗೆ ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯ ಬಂದು ಕೂತಿರುತ್ತವೆ. ತಪ್ಪಾಗುವುದು ಅವನ್ನು ನಂಜಿಕೊಳ್ಳುವ ಅಳತೆಯಲ್ಲಿ ಬಡಿಸಿ, ಅನ್ನವನ್ನು ಗುಡ್ಡೆ ಹಾಕುವುದರಲ್ಲಿ. ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡು, ಸಾರನ್ನದ ಸುತ್ತನ್ನು ಒಂದಕ್ಕೆ ಇಳಿಸಿದರೆ ಪಂಕ್ತಿಯಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಆ ದಿನ ಅರ್ಧ ಒಬ್ಬಟ್ಟು ತಿನ್ನಬೇಕೆನಿಸಿದರೆ ಅನ್ನದಲ್ಲಿ ಅಷ್ಟನ್ನು ಬಿಟ್ಟು ತಿನ್ನಬಹುದು. ಮಾವಿನಕಾಲದಲ್ಲೂ ಹಾಗೆಯೇ: ಎರಡು ಮೂರು ಹೋಳು ಬಾದಾಮಿಯನ್ನು ಊಟದ ಮೇಲೆ ತಿನ್ನದೆ ಸಂಜೆ ಪ್ರತ್ಯೇಕವಾಗಿ ತಿಂದರೆ ಹೆಚ್ಚು ತೊಂದರೆಯಿಲ್ಲ, ರಸ ಮಾಡಿ ಕುಡಿದರೆ ತೊಂದರೆಯಿದೆ.

ಉಪವಾಸ

ಏಕಾದಶಿಯ ದಿನ ಅನ್ನ ಬಿಟ್ಟು ಸಬ್ಬಕ್ಕಿ, ಅವಲಕ್ಕಿ, ರವೆ ಉಪ್ಪಿಟ್ಟು, ಬಾಳೆಹಣ್ಣು ತಿನ್ನುವ ಫಲಾಹಾರದಲ್ಲಿ ಪಿಷ್ಟ ಮಾಮೂಲಿ ದಿನಕ್ಕಿಂತ ಹೆಚ್ಚೇ ಇರುತ್ತದೆ. ಏನನ್ನೂ ತಿನ್ನದೆ ಇರುವವರ ಅಪಾಯ ಇದಕ್ಕೆ ವಿರುದ್ಧವಾದದ್ದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳೂ ಇನ್ಸುಲಿನ್ನೂ ಊಟವಿದ್ದರೂ ಇಲ್ಲದಿದ್ದರೂ ಸಕ್ಕರೆಯನ್ನು ಇಳಿಸುತ್ತವೆ. ಬೆಳಗಿನ ಮಾತ್ರೆಯನ್ನು ಎಂದಿನಂತೆ ನುಂಗಿ ದೇವರ ಕೋಣೆಯಲ್ಲಿ ಕುಳಿತವರು ಮಧ್ಯಾಹ್ನದ ಹೊತ್ತಿಗೆ ತಲೆತಿರುಗಿ ಬಿದ್ದರೆ ಅದಕ್ಕೆ ಭಕ್ತಿಯನ್ನು ದೂರುವಂತಿಲ್ಲ. ರಂಜಾನ್ ಉಪವಾಸ ಮಾಡುವವರು ತಿಂಗಳೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು ಮತ್ತು ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲವೆಂದು ಅನೇಕ ಧರ್ಮವಿದ್ವಾಂಸರು ಹೇಳಿದ್ದಾರೆ. ಸಂಖ್ಯೆ 70ಕ್ಕಿಂತ ಇಳಿದರೆ ಅಥವಾ 300ನ್ನು ದಾಟಿದರೆ ಆ ದಿನದ ಉಪವಾಸವನ್ನು ಅಲ್ಲಿಗೇ ನಿಲ್ಲಿಸಬೇಕು.

ನಡಿಗೆ

ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಬೆಳಗಿನ ಅರ್ಧ ಗಂಟೆ ಸಿಗದವರು ಮೂರೂ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ, ಸಕ್ಕರೆ ಏರುವ ಹೊತ್ತಿಗೇ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಮನೆಯ ಪಡಸಾಲೆಯೇ ಸಾಕು. ಇದರ ಜೊತೆ ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವಂಥ, ತುಸು ಭಾರ ಎತ್ತುವಂಥ ವ್ಯಾಯಾಮ ಬೇಕು.

ಮಾತ್ರೆ, ಇನ್ಸುಲಿನ್ ಮತ್ತು ಎರಡು ಬಣ್ಣದ ಸಿರಿಂಜು

ಮೆಟ್‌ಫಾರ್ಮಿನ್ ಮಾತ್ರೆಯನ್ನು ಊಟದ ಜೊತೆ ಅಥವಾ ಊಟವಾದೊಡನೆ ತೆಗೆದುಕೊಂಡರೆ ಹೊಟ್ಟೆಯ ಕಿರಿಕಿರಿ ಕಡಿಮೆ. ವರ್ಷಗಟ್ಟಲೆ ಅದನ್ನು ತೆಗೆದುಕೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಕಾಲು ಜುಮುಗುಟ್ಟುವುದಕ್ಕೆಲ್ಲ ಸಕ್ಕರೆಯೇ ಕಾರಣವೆಂದು ಸುಮ್ಮನಾಗದೆ ಆ ಪರೀಕ್ಷೆಯನ್ನೂ ಮಾಡಿಸಬೇಕು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತು ಎರಡು ನುಂಗಬಾರದು. ವಾಂತಿಭೇದಿಯಾಗಿ ಏನೂ ತಿನ್ನಲಾಗದ ದಿನಗಳಲ್ಲಿ ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್ ಬಗೆಯವನ್ನು, ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಇನ್ಸುಲಿನ್ನನ್ನು ಮಾತ್ರ ಕೇಳದೆ ನಿಲ್ಲಿಸಬಾರದು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಆರಾಮಾಗಿರುವಾಗಲೇ ವೈದ್ಯರಿಂದ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವುದು ಜಾಣತನ. ಸಕ್ಕರೆಯನ್ನು ಬುಡಸಮೇತ ಕೀಳುತ್ತೇವೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಅಲೋಪತಿ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾದ ಪ್ರಕರಣಗಳಿವೆ. ಹಾಗಲಕಾಯಿಯನ್ನು ಪಲ್ಯಕ್ಕೆ ಬಳಸಿ, ಮಾತ್ರೆಯ ಬದಲಿಗೆ ಬಳಸಬೇಡಿ.

ಇನ್ಸುಲಿನ್ ವಿಷಯದಲ್ಲಿ ನಮ್ಮ ದೇಶದಲ್ಲೊಂದು ದೊಡ್ಡ ಗೊಂದಲವಿದೆ. ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಪೆನ್ನಿನ ಕಾರ್ಟ್ರಿಜ್‌ನಲ್ಲಿ ಮತ್ತು ಕೆಲವು ಸೀಸೆಗಳಲ್ಲಿ 100 ಯೂನಿಟ್ ಇರುತ್ತದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಅದು ಪ್ರಾಣಕ್ಕೇ ಕುತ್ತು. ಅಂಗಡಿಯವರು ಬದಲಿ ಸಿರಿಂಜು ಕೊಟ್ಟಾಗಲೆಲ್ಲ ಸೀಸೆಯ ಮೇಲಿನ ಅಂಕಿಗೂ ಸಿರಿಂಜಿನ ಮೇಲಿನ ಅಂಕಿಗೂ ತಾಳೆ ನೋಡದೆ ಮನೆಗೆ ತರಬಾರದು. ಚುಚ್ಚುವ ಜಾಗವನ್ನು ದಿನವೂ ಒಂದೆರಡು ಬೆರಳಿನಷ್ಟು ಸರಿಸುತ್ತಿರಬೇಕು; ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ, ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೆಳ್ಳಗೆ ಕದಡಿದಂತಿರುವ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಪೆನ್ನಿನಲ್ಲಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು.

ತೆರೆಯದ ಇನ್ಸುಲಿನ್ನಿಗೆ ಫ್ರಿಜ್ಜಿನ 2ರಿಂದ 8 ಡಿಗ್ರಿಯ ತಂಪು ಬೇಕು, ಫ್ರೀಜರ್ ಕೂಡದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವುದನ್ನು 30 ಡಿಗ್ರಿಯೊಳಗಿನ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು. ಆದರೆ ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಕೋಣೆ 40ರ ಹತ್ತಿರ ಇರುತ್ತದೆ, ಕರೆಂಟೂ ಕೈಕೊಡುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳನ್ನು ನೀರಿನಿಂದ ತೋಯಿಸುತ್ತ, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸೀಸೆಯನ್ನಿಟ್ಟು ನೆರಳಿನಲ್ಲಿರಿಸಿದರೆ ಒಣ ಹವೆಯಲ್ಲಿ ಅದು ಹೊರಗಿಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ನಿಲ್ಲಿಸಿದ ಕಾರಿನಲ್ಲಿ, ದೂರಪ್ರಯಾಣದ ಬಸ್ಸಿನ ಡಿಕ್ಕಿಯಲ್ಲಿ, ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇನ್ಸುಲಿನ್ ಇಡಬಾರದು. ಅದು ಸದಾ ಕೈಚೀಲದಲ್ಲಿರಬೇಕು.

ಲೋ ಆದಾಗ

ಸಕ್ಕರೆ ಹೆಚ್ಚಾದರೆ ವರ್ಷಗಳಲ್ಲಿ ಹಾನಿ, ಕಡಿಮೆಯಾದರೆ ನಿಮಿಷಗಳಲ್ಲಿ. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ತಡೆಯಲಾರದ ಹಸಿವು, ಕಾರಣವಿಲ್ಲದ ಸಿಡುಕು ಇವೆಲ್ಲ ಅದರ ಸುಳಿವುಗಳು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಡುಕ, ಡವಗುಟ್ಟುವಿಕೆ ಗೊತ್ತಾಗದೆ ಬೆವರೊಂದೇ ಕಾಣಿಸಬಹುದು. ರಾತ್ರಿ ಕೆಟ್ಟ ಕನಸು ಬಿದ್ದು, ಬೆಳಿಗ್ಗೆ ಒದ್ದೆ ಬನಿಯನ್ನಿನಲ್ಲಿ ತಲೆನೋವಿನಿಂದ ಏಳುವವರು ಮಧ್ಯರಾತ್ರಿ ಮೂರರ ಹೊತ್ತಿಗೆ ಒಮ್ಮೆ ಅಳೆದು ನೋಡಬೇಕು.

ಯಂತ್ರ 70ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಈ ಸುಳಿವುಗಳಿದ್ದು ಯಂತ್ರವೇ ಹತ್ತಿರವಿಲ್ಲದಿದ್ದರೆ, ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಕುಳಿತು, ಮತ್ತೆ ಅಳೆಯಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ತಿನ್ನಬೇಕು. ಚಾಕೊಲೇಟು, ಮೈಸೂರು ಪಾಕು ಈ ಹೊತ್ತಿಗೆ ಒದಗುವುದಿಲ್ಲ, ಅವುಗಳ ಜಿಡ್ಡು ಸಕ್ಕರೆಯನ್ನು ರಕ್ತಕ್ಕೆ ಸೇರಲು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನು ಬೇರೆ ಔಷಧಿಯ ಜೊತೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡದು. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇದು ಕಾಯಿಲೆಯವರಿಗಿಂತ ಮನೆಯವರಿಗೆ, ಕಚೇರಿಯಲ್ಲಿ ಪಕ್ಕದ ಮೇಜಿನವರಿಗೆ ಗೊತ್ತಿರಬೇಕಾದ ವಿಷಯ. ಷುಗರ್ ಇರುವುದನ್ನು ಮುಚ್ಚಿಟ್ಟುಕೊಂಡವರನ್ನು ಇಂಥ ಹೊತ್ತಿನಲ್ಲಿ ಕುಡಿದವರೆಂದು ಬದಿಗೆ ಸರಿಸಿ ಹೋಗುವುದೂ ಇದೆ.

ಪಾದ ಮತ್ತು ವರ್ಷದ ತಪಾಸಣೆ

ನರಗಳು ಮಂಕಾದ ಪಾದಕ್ಕೆ ಮುಳ್ಳು ಚುಚ್ಚಿದ್ದೂ, ಚರ್ಮ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಆದ್ದರಿಂದ ರಾತ್ರಿ ಮಲಗುವ ಮುನ್ನ ಪಾದದ ಅಡಿಯನ್ನೂ ಬೆರಳ ಸಂದುಗಳನ್ನೂ ಕಣ್ಣಿನಿಂದಲೇ ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಬಹುದು, ಇಲ್ಲವೇ ಮೊಮ್ಮಕ್ಕಳನ್ನು ಕರೆಯಬಹುದು. ಆಣಿಯನ್ನು ಬ್ಲೇಡಿನಿಂದ ಕೆರೆಯುವುದು, ಬಿಸಿನೀರಿನಲ್ಲಿ ಕಾಲು ಇಳಿಬಿಡುವುದು, ಶಾಖದ ಚೀಲ ಕಟ್ಟಿಕೊಳ್ಳುವುದು ಮೂರೂ ಕೂಡದು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಟ್ಟೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಬೇಕು. ದೇವಸ್ಥಾನಗಳ ಕಲ್ಲುಹಾಸು ಬೇಸಿಗೆಯಲ್ಲಿ ಕಾದ ಹೆಂಚಿನಂತಿರುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಚಪ್ಪಲಿ ಕಳಚಿಯೇ ಹತ್ತಬೇಕು; ಬಿಸಿಲೇರುವ ಮೊದಲು ಹೋಗಿ, ದಪ್ಪ ಕಾಲುಚೀಲ ಹಾಕಿಕೊಂಡು ಹತ್ತಿದರೆ ಗೊಮ್ಮಟನ ದರ್ಶನವೂ ಆಗುತ್ತದೆ, ಪಾದವೂ ಉಳಿಯುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದು ಈಗಾಗಲೇ ಹೇಳಿಸಿಕೊಂಡವರು ಬರಿಗಾಲಿನ ಹರಕೆಯನ್ನು ಬೇರೆ ಸೇವೆಗೆ ಬದಲಾಯಿಸಿಕೊಳ್ಳಲಿ.

ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ನೋಡಿಸಬೇಕು, ದೃಷ್ಟಿ ಚೆನ್ನಾಗಿದೆ ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಹಲ್ಲು ವಸಡು ಇವೂ ವರ್ಷದ ಪಟ್ಟಿಗೆ ಸೇರಿದವು. ಎರಡು ವಾರ ಬಿಡದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಮಧುಮೇಹಿಗಳಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಖರ್ಚಿನ ಚಿಂತೆಯಿರುವವರು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕನ್ನೋ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಬಹುದು. ಜನೌಷಧಿ ಅಂಗಡಿಗಳಲ್ಲಿ ಇದೇ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರ ಬಳಿ ಹೋಗುವಾಗ ಜೋಡಿ ಪರೀಕ್ಷೆಯ ಪುಸ್ತಕವನ್ನೂ, ಹೆಸರು ಬರೆದ ಚೀಟಿಯ ಬದಲು ಮಾತ್ರೆಗಳ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಪಾದ ನೋಡುವುದು ಸುಲಭವಾಗಿ ಮರೆತುಹೋಗುತ್ತದೆ. ಆದ್ದರಿಂದ ಸರದಿ ಬಂದು ಕುರ್ಚಿಯಲ್ಲಿ ಕುಳಿತೊಡನೆ, ಅವರು ಕೇಳುವ ಮೊದಲೇ, ಚಪ್ಪಲಿ ಮತ್ತು ಕಾಲುಚೀಲ ಎರಡನ್ನೂ ಕಳಚಿಡಿ.